ಹಳೇ ಪೈನ್ ಪಕ್ಕ ಹೊಸ ಪೈನ್: ನಾನು ಎಡವಿದ್ದು ಎಲ್ಲಿ

ಬೆಂಗಳೂರಿನಲ್ಲಿ ಮರಗೆಲಸ, ಪಾಲಿಶ್ ಎರಡೂ ಮಾಡುತ್ತೇನೆ. ತೇಗದ ಮೇಲೆ ಕೈ ಪಳಗಿದವನು. ಪೈನ್ ಕೂಡ ಹಾಗೇ ಇರುತ್ತದೆ ಅಂದುಕೊಂಡಿದ್ದೆ.

ಒಂದು ಮನೆಯಲ್ಲಿ 12 ವರ್ಷ ಹಳೆಯ ಪೈನ್ ಕಪಾಟು ಇತ್ತು. ಒಳ್ಳೇ ಜೇನಿನ ಬಣ್ಣ. ಅದರ ಪಕ್ಕಕ್ಕೆ ಪುಸ್ತಕದ ಶೆಲ್ಫ್ ಬೇಕಿತ್ತು. "ಎರಡೂ ಒಂದೇ ಥರ ಕಾಣಬೇಕು ಕಣಪ್ಪಾ" ಅಂದರು ಆ ಮನೆಯ ಅಮ್ಮ. ಹೊಸ ಹಲಗೆ ಹಾಲು ಕೆನೆಯಷ್ಟು ಬಿಳಿ. ಉಜ್ಜಿ, ತೇಗದ ಬಣ್ಣದ ಸ್ಟೈನರ್, ಅಂದರೆ ಮರ ಕುಡಿಯುವ ಬಣ್ಣದ ದ್ರವ, ಬಟ್ಟೆಯಲ್ಲಿ ಅದ್ದಿ ನೇರವಾಗಿ ಮರಕ್ಕೇ ಒರೆಸಿದೆ.

ಒಣಗಿದ ಮೇಲೆ ನೋಡಿದರೆ ಪೂರ್ತಿ ಉಲ್ಟಾ. ಪೈನ್‌ನಲ್ಲಿ ಅಗಲದ ತಿಳಿ ಪಟ್ಟೆ ಮೆತ್ತಗಿರುತ್ತದೆ, ನಡುವಿನ ಕಂದು ಗೆರೆ ಗಟ್ಟಿ. ಮೆತ್ತನೆಯ ಭಾಗ ಬಣ್ಣವನ್ನು ಕುಡಿದು ಕಪ್ಪಾಗಿತ್ತು, ಗಟ್ಟಿ ಗೆರೆ ತಿಳಿಯಾಗೇ ಉಳಿದಿತ್ತು. ಫೋಟೋದ ನೆಗೆಟಿವ್ ಹಿಡಿದು ನೋಡಿದ ಹಾಗೆ. ಹಲಗೆಯ ಕೊನೆಗಳಂತೂ ಇನ್ನೂ ಕಪ್ಪು. ಆ ಅಮ್ಮ ಬೈಯಲಿಲ್ಲ, ಸುಮ್ನೆ ನೋಡಿದರು. ಅದೇ ಜಾಸ್ತಿ ನೋವಾಯಿತು.

ಅವತ್ತು ಹಳೇ ಕಪಾಟಿನ ಒಂದು ಹಿಂಜ್ ಬಿಚ್ಚಿದೆ. ಅದರ ಕೆಳಗೆ ಮರ ಇನ್ನೂ ಬೆಳ್ಳಗೇ ಇತ್ತು! ಅಂದರೆ ಆ ಜೇನಿನ ಬಣ್ಣ ಯಾರೂ ಬಳಿದದ್ದಲ್ಲ. ವರ್ಷಗಟ್ಟಲೆ ಬೆಳಕು ಬಿದ್ದು ಮರದ ಮೇಲ್ಪದರ ಹಳದಿಗೆ ತಿರುಗಿದೆ. ಎಣ್ಣೆ ವಾರ್ನಿಶ್ ಕೂಡ ವಯಸ್ಸಾದಂತೆ ಹಳದಿಯಾಗುತ್ತದೆ. ಆ ಬಣ್ಣ ತೆಳ್ಳನೆ ಪರದೆಯಂತೆ ಇಡೀ ಮರದ ಮೇಲೆ ಸಮನಾಗಿ ಕೂತಿರುತ್ತದೆ. ಮರಕ್ಕೆ ಕುಡಿಸಿದ ಸ್ಟೈನ್ ಹಾಗೆ ಕೂರುವುದಿಲ್ಲ. ಹಾಗಾಗಿ ಬಣ್ಣವನ್ನು ಮರದ ಒಳಗಲ್ಲ, ಪಾಲಿಶ್ ಪದರದಲ್ಲಿ ಹಾಕಬೇಕು.

ಎರಡು ದಿನ ಕೂತು ಎಲ್ಲ ಉಜ್ಜಿ ತೆಗೆದೆ. ಆ ಕೂಲಿ ನಾನು ಕೇಳಲಿಲ್ಲ, ತಪ್ಪು ನನ್ನದು.

ಈ ಸಲ ಮೊದಲು ತುಂಬ ತೆಳುವಾದ ಅರಗಿನ ಪಾಲಿಶ್ ಒಂದು ಕೈ. ಅದು ಮರದ ಬಾಯಿ ಮುಚ್ಚುತ್ತದೆ. ಒಣಗಿದ ಮೇಲೆ 220 ನಂಬರ್ ಪೇಪರ್‌ನಲ್ಲಿ ಹಗುರಾಗಿ ಉಜ್ಜಿದೆ. ಆಮೇಲೆ ಅರಗಿನ ಪಾಲಿಶ್‌ಗೇ ಸ್ಪಿರಿಟ್‌ನಲ್ಲಿ ಕರಗುವ ಹಳದಿ ಬಣ್ಣ, ಒಂದು ಚಿಟಿಕೆ ಕಂದು ಸೇರಿಸಿ ತೆಳ್ಳಗೆ ನಾಲ್ಕು ಕೈ. ಅರಗಿಗೇ ಸ್ವಲ್ಪ ಕಿತ್ತಳೆ ಛಾಯೆ ಇರುತ್ತದೆ, ಹಾಗಾಗಿ ಕೆಂಪು ಬೇಕಾಗಲೇ ಇಲ್ಲ. ಮೇಲೆ ಪಿಯು (ಪಾಲಿಯುರೆಥೇನ್ ಪಾಲಿಶ್) ಹೊಡೆಯುವುದಾದರೆ ಮೇಣ ತೆಗೆದ ಅರಗನ್ನೇ ತನ್ನಿ, ಇಲ್ಲದಿದ್ದರೆ ಪಿಯು ಸರಿಯಾಗಿ ಹಿಡಿಯುವುದಿಲ್ಲ.

ಪ್ರತಿ ಕೈಯನ್ನೂ ಮೊದಲು ಅದೇ ಹಲಗೆಯಿಂದ ಉಳಿದ ತುಂಡಿನ ಮೇಲೆ ಹಾಕಿದೆ. ತುಂಡನ್ನು ಕಪಾಟಿಗೆ ಒತ್ತಿ ಹಿಡಿದು, ಕಿಟಕಿ ಬೆಳಕಿನಲ್ಲಿ ನೋಡಿದೆ. ಎಲ್‌ಇಡಿ ಕೆಳಗೆ ಒಂದೇ ಥರ ಕಂಡದ್ದು ಹಗಲಲ್ಲಿ ಬೇರೆಯೇ ಆಗಿರಬಹುದು.

ಪೂರ್ತಿ ಹೊಂದುವ ಮುಂಚೆ, ಬಣ್ಣ ಸ್ವಲ್ಪ ತಿಳಿ ಇರುವಾಗಲೇ ನಿಲ್ಲಿಸಿದೆ. ಹೊಸ ಮರ ಕೆಳಗಿನಿಂದ ಇನ್ನೂ ಹಳದಿಯಾಗುತ್ತದಲ್ವಾ? ಇವತ್ತು ಸರಿಯಾಗಿ ಹೊಂದಿಸಿದರೆ ಮುಂದಿನ ವರ್ಷ ಶೆಲ್ಫ್ ಕಪಾಟಿಗಿಂತ ಕಪ್ಪಾಗುತ್ತದೆ. ಇದನ್ನು ಅಮ್ಮನಿಗೆ ಮೊದಲೇ ಹೇಳಿ ಒಪ್ಪಿಸಿದೆ. ಮೊದಲ ಕೆಲವು ತಿಂಗಳು ಕಿಟಕಿ ಪರದೆ ಸರಿಸಿಡಿ, ಶೆಲ್ಫ್ ಮೇಲಿನ ಸಾಮಾನು ಆಗಾಗ ಜಾಗ ಬದಲಿಸಿ, ಇಲ್ಲದಿದ್ದರೆ ಅದರಡಿ ಬೆಳ್ಳನೆ ಗುರುತು ಉಳಿಯುತ್ತದೆ ಅಂತಲೂ ಹೇಳಿ ಬಂದೆ.