ಮಾಗಿದ ಬರ್ಗಂಡಿ ಕುಡಿಯಲೆಂದೇ ಬೋನ್ ಪೇಟೆಗೆ ಹೋಗುವವರಿಗೆ

ಗ್ರಾಂ ಕ್ರೂ, ಅಂದರೆ ಅತಿ ಮೇಲಿನ ದರ್ಜೆಯ ತೋಟಗಳ ಹೆಸರುಗಳ ಪಟ್ಟಿ ಹಿಡಿದು ಫ್ರಾನ್ಸ್‌ನ ವೈನ್ ಸೀಮೆ ಬರ್ಗಂಡಿಗೆ ಹೋದವರು ಬಹಳ ಸಲ ಬೆಲೆ ಕೇಳಿ ಸುಮ್ಮನಾಗುತ್ತಾರೆ. ನಮ್ಮ ಸಲಹೆ ಬೇರೆ: ಲೇಬಲ್ ಮೇಲೆ ಬರೀ ಊರಿನ ಹೆಸರಿರುವ ವಿಲೇಜ್ ದರ್ಜೆಯ ಕೆಂಪು ವೈನ್ ಹುಡುಕಿ, ಆದರೆ ಹತ್ತು–ಹದಿನೈದು ವರ್ಷ ಮಾಗಿದ್ದನ್ನು. ಒಳ್ಳೆಯ ಕೈಯಲ್ಲಿ ತಯಾರಾದ ಇಂಥ ವೈನ್, ದರ್ಜೆಯಲ್ಲಿ ಅದಕ್ಕಿಂತ ಒಂದು ಮೆಟ್ಟಿಲು ಮೇಲಿದ್ದರೂ ಬಾಯಿ ಒಗರು ಮಾಡುವ ಎಳೆಯ ಪ್ರೀಮಿಯೆ ಕ್ರೂಗಿಂತ ಊಟದ ಮುಂದೆ ಎಷ್ಟೋ ಮೇಲು.

ಪ್ಯಾರಿಸ್‌ನ ಗಾರ್ ದ ಲಿಯೋಂ ನಿಲ್ದಾಣದಿಂದ ಡಿಜೋನ್‌ಗೆ ಟಿಜಿವಿ ವೇಗದ ರೈಲಿನಲ್ಲಿ ಒಂದೂವರೆ ಗಂಟೆಯ ಮೇಲೆ ಸ್ವಲ್ಪ. ಅಲ್ಲಿಂದ ಲೋಕಲ್ ರೈಲಿನಲ್ಲಿ ಬೋನ್‌ಗೆ ಇಪ್ಪತ್ತು–ಇಪ್ಪತ್ತೈದು ನಿಮಿಷ. ಬೋನ್‌ನ ಹಳೆಯ ಕೋಟೆಗೋಡೆಯ ಒಳಗೇ ರೂಮ್ ಮಾಡಿ. ಅಂಗಡಿ, ಹೋಟೆಲು, ನೆಲಮಾಳಿಗೆಗಳೆಲ್ಲ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಫ್ರಾನ್ಸ್‌ನಲ್ಲಿ ಲೀಟರ್ ರಕ್ತಕ್ಕೆ 0.5 ಗ್ರಾಂ ಆಲ್ಕೋಹಾಲ್ ಮುಟ್ಟಿದರೆ ಗಾಡಿ ಓಡಿಸುವಂತಿಲ್ಲ, ಹಾಗಾಗಿ ಕಾರು ಬಾಡಿಗೆಗೆ ಪಡೆದರೂ ಸಂಜೆಗೆ ಉಪಯೋಗವಿಲ್ಲ.

ಹಳೆಯ ವೈನ್ ದ್ರಾಕ್ಷಿ ಬೆಳೆಗಾರರ ಮನೆಯಲ್ಲೇ ಸಿಗುತ್ತದೆ ಅಂದುಕೊಳ್ಳಬೇಡಿ. ಸಣ್ಣ ಬೆಳೆಗಾರರು ಮಾರುವುದು ಸಾಮಾನ್ಯವಾಗಿ ಒಂದೆರಡು ವರ್ಷದ ಹಿಂದಿನ ಫಸಲನ್ನು. ಅವರನ್ನು ನೋಡಲೇಬೇಕಿದ್ದರೆ ವಾರಗಳ ಮುಂಚೆ ಇಮೇಲ್ ಬರೆಯಿರಿ. ಮಧ್ಯಾಹ್ನ 12ರಿಂದ 2ರವರೆಗೆ ಬಾಗಿಲು ಮುಚ್ಚಿರುತ್ತದೆ, ಭಾನುವಾರ ಬಹುತೇಕ ರಜೆ, ಕೊಯ್ಲಿನ ಕಾಲದಲ್ಲಂತೂ ಯಾರಿಗೂ ಪುರುಸೊತ್ತಿಲ್ಲ. ಮಾಗಿದ ಬಾಟಲಿಗೆ ಬೋನ್‌ನ ವೈನ್ ಅಂಗಡಿಗಳು ಮತ್ತು ಸ್ವಂತ ನೆಲಮಾಳಿಗೆಯುಳ್ಳ ಹೋಟೆಲುಗಳೇ ಗತಿ. ಕೇಳಬೇಕಾದ ಪ್ರಶ್ನೆ ಒಂದೇ: ಈ ಬಾಟಲಿ ನಿಮ್ಮಲ್ಲಿ ಎಷ್ಟು ವರ್ಷದಿಂದಿದೆ? ಹೊಸದಾಗಿ ಬಿಡುಗಡೆಯಾದಾಗಲೇ ಕೊಂಡು ಅಲ್ಲೇ ಇಟ್ಟಿದ್ದೇವೆ ಎಂದರೆ ಅರ್ಧ ಭಯ ಕಳೆದಂತೆ.

ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ. ಈ ವಯಸ್ಸಿನ ವೈನ್‌ಗೆ ಮಟ್ಟ ಬಿರಡೆಯಿಂದ ಎರಡು–ಮೂರು ಸೆಂಟಿಮೀಟರ್ ಕೆಳಗಿದ್ದರೆ ಸರಿ. ನಾಲ್ಕು ದಾಟಿದ್ದರೆ ಬಿಡಿ, ಗಾಳಿಯಾಡಿರುವ ಸಾಧ್ಯತೆ ಹೆಚ್ಚು. ಬಿರಡೆ ಮೇಲೆದ್ದಿದ್ದರೆ ಅಥವಾ ಕತ್ತಿನ ಹೊದಿಕೆಯಡಿ ಅಂಟಂಟಾಗಿದ್ದರೆ ಎಲ್ಲೋ ಬಿಸಿ ತಗುಲಿದೆ. ಅಂಗಡಿಯ ಗಾಜಿನ ಮುಂದೆ ಬಿಸಿಲಿಗೆ ನಿಂತ ಬಾಟಲಿ ಬೇಡವೇ ಬೇಡ.

ಊರು ಆರಿಸುವಾಗ: ವೊಲ್ನೆ, ಶಾಂಬೋಲ್-ಮ್ಯೂಸಿನ್ಯಿ, ಸಾವಿನ್ಯಿ ಊರಿನವು ಸಾಮಾನ್ಯವಾಗಿ ಬೇಗ ಹದಕ್ಕೆ ಬರುತ್ತವೆ. ಪೊಮಾರ್, ನ್ಯುಯಿ-ಸಾಂ-ಜಾರ್ಜ್, ಜೆವ್ರೆ-ಶಾಂಬರ್ತಾಂ ಊರಿನವಕ್ಕೆ ಒಗರು ಜಾಸ್ತಿ, ಇನ್ನಷ್ಟು ವರ್ಷ ಬೇಕು. 2010ರ ಫಸಲು ಅಂದರೆ ಕಣ್ಣು ಮುಚ್ಚಿ ಕೇಳಬಹುದು. 2011 ಹಗುರ, ಇನ್ನೂ ಮಾಗಲು ಬಿಡಬೇಕಿಲ್ಲ. 2012, 2013, 2014, ಮೂರೂ ವರ್ಷ ಪೊಮಾರ್–ವೊಲ್ನೆ ಭಾಗದ ತೋಟಗಳಿಗೆ ಆಲಿಕಲ್ಲು ಹೊಡೆದು ಬೆಳೆ ಕುಸಿಯಿತು. ಆ ಕಡೆಯ ಬಾಟಲಿಗಳು ಅಪರೂಪ, ಸಿಕ್ಕರೆ ಬಿಡಬೇಡಿ.

ರಾತ್ರಿ ಊಟಕ್ಕಾದರೆ ಬಾಟಲಿಯನ್ನು ಹಿಂದಿನ ದಿನವೇ ಫೋನ್ ಮಾಡಿ ಹೇಳಿ, ನೆಟ್ಟಗೆ ನಿಲ್ಲಿಸಿಡಲು ಕೇಳಿ. ಮಲಗಿಸಿದ್ದ ಬಾಟಲಿಯನ್ನು ಆ ಕ್ಷಣ ಎತ್ತಿ ತಂದರೆ ಗಸಿ ಕಲಕಿ ವೈನ್ ಕಹಿಯಾಗುತ್ತದೆ. ಕುಡಿಯಲು 14–16 ಡಿಗ್ರಿ ಹದ. ಜುಲೈ ಸೆಕೆಯಲ್ಲಿ ಹತ್ತು ನಿಮಿಷ ಐಸ್ ಬಕೆಟ್ ಕೇಳಲು ಸಂಕೋಚ ಬೇಡ. ಬೆಚ್ಚಗಾದರೆ ಇಲ್ಲಿನ ಕೆಂಪು ವೈನ್ ದ್ರಾಕ್ಷಿಯಾದ ಪಿನೋ ನ್ವಾರ್‌ನಲ್ಲಿ ಸ್ಪಿರಿಟ್ ವಾಸನೆಯೇ ಮುಂದಾಗುತ್ತದೆ. ಡಿಕ್ಯಾಂಟರ್ ಎಂಬ ಅಗಲ ಹೂಜಿಗೆ ಸುರಿಸಬೇಡಿ, ಹಳೆಯದರ ಪರಿಮಳ ಅಲ್ಲೇ ಹಾರಿಹೋದೀತು. ದೊಡ್ಡ ಗ್ಲಾಸಿಗೆ ಮೂರನೇ ಒಂದು ಭಾಗದಷ್ಟೂ ತುಂಬಿಸದೆ ಇಪ್ಪತ್ತು ನಿಮಿಷ ಬಿಡಿ. ಗ್ಲಾಸಿನಲ್ಲಿ ವೈನ್‌ನ ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ. ಮೊದಲು ಒಣ ಚೆರ್ರಿ, ಆಮೇಲೆ ಅಣಬೆ, ಮಳೆ ನಿಂತ ಮಲೆನಾಡಿನ ಕಾಡಿನ ತರಗೆಲೆಯಂಥ ವಾಸನೆ ಬರುತ್ತದೆ. ಈ ಬದಲಾವಣೆಗಾಗಿಯೇ ಇಷ್ಟೆಲ್ಲ ಪಾಡು. ಮೊದಲಿಗೆ ಬೆಂಕಿಕಡ್ಡಿಯಂಥ ವಾಸನೆ ಬಂದರೆ ಗಾಳಿಗೆ ಹೋಗುತ್ತದೆ. ಒದ್ದೆ ರಟ್ಟಿನ ವಾಸನೆ ಬಂದರೆ ಅದು ಬಿರಡೆಯ ದೋಷ, ಹೊತ್ತು ಹೋದಂತೆ ಹೆಚ್ಚುತ್ತದೆ. ಕೂಡಲೇ ಹೇಳಿ, ಒಳ್ಳೆಯ ಹೋಟೆಲಿನವರು ಬದಲಿಸಿ ಕೊಡುತ್ತಾರೆ. ತಳದ ಎರಡು ಬೆರಳಷ್ಟು ಬಾಟಲಿಯಲ್ಲೇ ಉಳಿಯಲಿ.

ಸಸ್ಯಾಹಾರಿಗಳು ಎಚ್ಚರ: ಕೆಂಪು ವೈನ್ ಸಾರಿನ ಮೊಟ್ಟೆ ಖಾದ್ಯ ಅಫ್ ಆಂ ಮ್ಯೂರೆತ್‌ನಲ್ಲಿ ಹಂದಿಮಾಂಸದ ಚೂರುಗಳಿರುತ್ತವೆ. ಕೊಂತೆ ಚೀಸ್ ತಯಾರಿಗೆ ಹಾಲು ಒಡೆಸಲು ಕರುವಿನ ಜಠರದಿಂದ ತೆಗೆದ ರೆನೆಟ್ ಬಳಸುತ್ತಾರೆ. ಬೆಣ್ಣೆಯಲ್ಲಿ ಹುರಿದ ಅಣಬೆ ಕೇಳಿ, ಹಳೆಯ ವೈನ್‌ಗೆ ಅದಕ್ಕಿಂತ ಒಳ್ಳೆಯ ಜೋಡಿಯಿಲ್ಲ. ಎಪ್ವಾಸ್ ಚೀಸ್‌ನ ಘಾಟು ಮಾತ್ರ ಇಂಥ ನವಿರಾದ ವೈನನ್ನು ಮುಳುಗಿಸುತ್ತದೆ.

ಹಗಲು ಖಾಲಿಯಿದ್ದರೆ ಸೈಕಲ್ ಬಾಡಿಗೆಗೆ ಪಡೆದು ಬೋನ್‌ನಿಂದ ಸಾಂತನೆಯತ್ತ ತೋಟಗಳ ನಡುವೆ ಸಾಗುವ ದಾರಿ ಹಿಡಿಯಿರಿ, ಪೊಮಾರ್, ವೊಲ್ನೆ ಎರಡೂ ಸಿಗುತ್ತವೆ. ಇಳಿಜಾರಿನ ನಡುಭಾಗದಲ್ಲಿ ಹೆಚ್ಚಾಗಿ ಪ್ರೀಮಿಯೆ ಕ್ರೂ, ಕೆಳಗಿನ ಸಮತಟ್ಟಿನಲ್ಲಿ ಮತ್ತು ತೀರಾ ಮೇಲೆ ವಿಲೇಜ್ ತೋಟಗಳು. ಇದನ್ನು ಕಣ್ಣಾರೆ ಕಂಡರೆ ದರ್ಜೆಗಳ ಲೆಕ್ಕ ತಾನಾಗಿ ತಲೆಗೆ ಹತ್ತುತ್ತದೆ.

ಊರಿಗೆ ತರುವುದಾದರೆ ಭಾರತದಲ್ಲಿ ತೆರಿಗೆಯಿಲ್ಲದೆ ತಲಾ 2 ಲೀಟರ್ ಮದ್ಯಕ್ಕೆ ಅವಕಾಶ, ಅಂದರೆ 750 ಎಂಎಲ್‌ನ ಎರಡು ಬಾಟಲಿ. ಬಟ್ಟೆ ಸುತ್ತಿ ಚೆಕ್-ಇನ್ ಲಗೇಜಿನಲ್ಲಿ ಹಾಕಿ. ಮನೆಗೆ ಬಂದ ಮೇಲೆ ಫ್ರಿಜ್‌ನ ಕೆಳಗಿನ ಅರೆಯಲ್ಲಿ ಎರಡು–ಮೂರು ವಾರ ನಿಲ್ಲಿಸಿ, ಗಸಿ ಕೂತ ಮೇಲೆ ತೆರೆಯಿರಿ. ಬೇಸಿಗೆಯ ತನಕ ಬೀರುವಿನಲ್ಲಿಟ್ಟರೆ ಅಷ್ಟು ವರ್ಷದ ಮಾಗುವಿಕೆ ಒಂದೇ ತಿಂಗಳಲ್ಲಿ ಹಾಳಾಗಬಹುದು.