ದೊಡ್ಡಮ್ಮನ ಟ್ಯಾಂಕಿನ ಪೆಟ್ಟಿಗೆ

ಅಕ್ಟೋಬರ್ 14, 2024, ಸೋಮವಾರ
ಕುಂಜಿಬೆಟ್ಟು, ರಾತ್ರಿ

ಘಟ್ಟದ ಕಡೆ ಇನ್ನೂ ಗುಡುಗುತ್ತಿದೆ. ಸಾಲ್ಡರಿಂಗ್ ಐರನ್ನಿನ ಪ್ಲಗ್ ಕಿತ್ತಿಟ್ಟು ಇದನ್ನು ಬರೆಯಲು ಕೂತಿದ್ದೇನೆ. ಬೆರಳಿಗೆಲ್ಲ ಸಾಲ್ಡರಿನ ರೋಸಿನ್ ಅಂಟಿನ ವಾಸನೆ. ಮೊನ್ನೆ ಆಯುಧಪೂಜೆಗೆ ಮಲ್ಟಿಮೀಟರಿಗೆ ಹಚ್ಚಿದ ಕುಂಕುಮ ಹಾಗೇ ಉಂಟು, ಒರೆಸಲು ಮನಸ್ಸಾಗಲಿಲ್ಲ.

ಸಂಜೆ ಕಲ್ಯಾಣಪುರಕ್ಕೆ ಹೋಗಿದ್ದೆ. ದೊಡ್ಡಮ್ಮ ಬಾಳೆಎಲೆಯಲ್ಲಿ ಕಡುಬು ಕಟ್ಟಿಕೊಟ್ಟರು. ಜೊತೆಗೆ ಒಂದು ಪ್ರಶ್ನೆಯನ್ನೂ ಕೊಟ್ಟರು. ಕಡುಬು ಮುಗಿಯಿತು, ಪ್ರಶ್ನೆ ಮುಗಿದಿಲ್ಲ.

ಅವರ ಮನೆಯ ನೀರಿನ ಪೆಟ್ಟಿಗೆ ಬಗ್ಗೆ ಇಲ್ಲಿ ಹಿಂದೆಯೇ ಬರೆದಿದ್ದೆ. ಬಾವಿಯಿಂದ ತಾರಸಿಯ ಟ್ಯಾಂಕಿಗೆ ನೀರು ಏರಿಸುವ ಮೋಟಾರ್ ತನ್ನಷ್ಟಕ್ಕೆ ಚಾಲೂ ಆಗಿ ತನ್ನಷ್ಟಕ್ಕೆ ನಿಲ್ಲಬೇಕು, ದೊಡ್ಡಮ್ಮ ಮಂಡಿನೋವಿನಲ್ಲಿ ಸ್ವಿಚ್ಚಿಗಾಗಿ ಹಿಂದಿನ ಚಾವಡಿಗೆ ನಡೆಯುವುದು ತಪ್ಪಬೇಕು. ಅದಕ್ಕೇ ಮಾಡಿದ್ದು. ಟ್ಯಾಂಕಿನ ಮುಚ್ಚಳದ ಒಳಗೆ ಅಲ್ಟ್ರಾಸಾನಿಕ್ ಸೆನ್ಸರ್, ಕೆಳಗೆ ಗೋಡೆಯಲ್ಲಿ ವೈ-ಫೈ ಇರುವ ಇಎಸ್‌ಪಿ 8266 ಬೋರ್ಡ್. ಸೆನ್ಸರ್ ನೀರಿನ ಮೇಲೆ ಶಬ್ದ ಬಿಟ್ಟು ಅದು ವಾಪಸು ಬರುವ ಸಮಯ ಅಳೆಯುತ್ತದೆ. ಗಾಳಿ 20 ಡಿಗ್ರಿ ಇದ್ದರೆ ಶಬ್ದ ಸೆಕೆಂಡಿಗೆ 343 ಮೀಟರ್ ಓಡುತ್ತದೆ, ಒಂದು ಡಿಗ್ರಿ ಏರಿದರೆ ವೇಗ ಸುಮಾರು 0.6 ಮೀಟರ್ ಹೆಚ್ಚುತ್ತದೆ. ನಮ್ಮ ಮೇ ತಿಂಗಳ ಬಿಸಿಲಿಗೆ ಕಪ್ಪು ಟ್ಯಾಂಕಿನ ಮುಚ್ಚಳದಡಿಯ ಗಾಳಿ ಎಷ್ಟು ಕಾಯುತ್ತದೆಂದು ನಿಮಗೆ ಗೊತ್ತೇ ಉಂಟು. ಆ ಲೆಕ್ಕ ಸರಿಹೊಂದಿಸಲು ಪಕ್ಕದಲ್ಲಿ ಒಂದು ಉಷ್ಣತೆಯ ಸೆನ್ಸರನ್ನೂ ಕೂರಿಸಿದ್ದೆ. ಫೋನಿನಲ್ಲಿ ನೀಲಿ ಪಟ್ಟಿಯೊಂದು ಏರುತ್ತಾ ಇಳಿಯುತ್ತಾ ಇರುತ್ತಿತ್ತು. ಆ ಬೋರ್ಡನ್ನು ನಾನು ನಿಜವಾಗಿ ಪ್ರೀತಿಸುತ್ತೇನೆ. ಅದು ಕೆಟ್ಟಿಲ್ಲ, ಇವತ್ತೂ ಸರಿಯಾಗಿಯೇ ನಡೆಯುತ್ತಿದೆ.

ದೊಡ್ಡಮ್ಮ ಕೇಳಿದ್ದು ಇಷ್ಟೇ: "ಅದು ಚೆಂದ ಉಂಟು ಮಾಣಿ, ನಾನು ದೂರು ಹೇಳುದಲ್ಲ. ನೀನು ಊರಲ್ಲಿಲ್ಲದ ದಿನ ಅದು ನಿಂತ್ರೆ ನಾನು ಯಾರನ್ನು ಕರೀಬೇಕು?"

"ನನಗೆ ಫೋನ್ ಮಾಡಿ ದೊಡ್ಡಮ್ಮ."

"ಮಾಡ್ತೇನೆ. ನೀನು ಬೆಂಗಳೂರಲ್ಲಿ ಇರ್ತಿ. ಅಲ್ಲಿಂದ ಇಲ್ಲಿಗೆ ನೀರು ಬರ್ತದಾ?"

ನಾನು ಏನೋ ಹೇಳಲು ಹೊರಟೆ. ಅವರು ಬಾವಿಕಟ್ಟೆಯ ಕಡೆ ಕೈ ತೋರಿಸಿದರು. ಅಲ್ಲಿ ರಾಟೆ ಇನ್ನೂ ತೂಗುತ್ತಿದೆ, ಹಗ್ಗ ಸಮೇತ. "ಅದು ಕಿರ್‌ಗುಟ್ಟಿದ್ರೆ ಎಣ್ಣೆ ಬಿಡ್ಬೇಕು. ಹಗ್ಗ ಸವೆದ್ರೆ ಬೇರೆ ಹಾಕ್ಬೇಕು. ಅದು ನಂಗೂ ಗೊತ್ತುಂಟು, ಕೆಲ್ಸಕ್ಕೆ ಬರುವ ಹೆಂಗಸಿಗೂ ಗೊತ್ತುಂಟು. ಈ ಪೆಟ್ಟಿಗೆ ನಿಂಗೊಬ್ಬನಿಗೇ ಗೊತ್ತಿರುದು."

ಅದೇ ಹೊತ್ತಿಗೆ ಸಂತೆಕಟ್ಟೆಯ ವಯರ್‌ಮ್ಯಾನ್ ಅಡುಗೆಮನೆಯ ಫ್ಯಾನ್ ಸರಿ ಮಾಡಿ ಇಳಿಯುತ್ತಿದ್ದರು. ಕೆಲಸದಲ್ಲಿ ಅವರನ್ನು ನಾನು ಬಹಳ ಗೌರವಿಸುತ್ತೇನೆ. ಮಳೆಗಾಲದ ನಡುರಾತ್ರಿಯಲ್ಲೂ ಟಾರ್ಚ್ ಹಿಡಿದು ಬಂದು ಮೋಟಾರ್ ಎತ್ತಿದವರು. ನಿಮಗೆ ಏನನಿಸುತ್ತದೆ ಎಂದು ಅವರನ್ನೇ ಕೇಳಿದೆ.

"ನಾನು ಒಮ್ಮೆ ಮುಚ್ಚಳ ತೆಗ್ದು ನೋಡಿದ್ದೆ ಸರ್. ಮೋಟಾರ್ ಆದ್ರೆ ಬಿಚ್ಚಿ ವೈಂಡಿಂಗ್ ಮಾಡಿ ಕೊಡ್ತೇನೆ. ಕಂಡೆನ್ಸರ್ ಹೋದ್ರೆ ಸದ್ದಲ್ಲೇ ಗೊತ್ತಾಗ್ತದೆ. ಇದ್ರೊಳಗೆ ಎಂತ ಆಗ್ತಾ ಉಂಟು ಅಂತ ಹೊರಗಿಂದ ಕಾಣುದಿಲ್ಲ. ಪ್ರೋಗ್ರಾಮ್ ಅಲ್ವಾ? ಅದಕ್ಕೆ ಹಾಗೇ ಮುಚ್ಚಿಟ್ಟೆ."

ಹಾಗೇ ಮುಚ್ಚಿಟ್ಟೆ ಎಂಬ ಆ ಮಾತು ಬ್ರಹ್ಮಗಿರಿ ದಾಟುವವರೆಗೂ ಕಿವಿಯಲ್ಲಿತ್ತು. ಮೂವತ್ತು ವರ್ಷ ತಂತಿ ಹಿಡಿದ ಕೈ ಅದು. ನಮ್ಮವರ ಮನೆಗೆ ನಾವು ಪ್ರೀತಿಯಿಂದ ಕಟ್ಟಿಕೊಟ್ಟ ವಸ್ತುವಿನ ಎದುರು ಆ ಕೈ ಹಿಂದೆ ಸರಿಯುವಂತಾದರೆ ಅದು ನನಗೆ ಸಣ್ಣ ವಿಷಯವಲ್ಲ.

ಅಲೆವೂರಿನ ತಂಗಿಮಗನಿಗೆ ಫೋನ್ ಮಾಡಿದೆ. ಎಂಜಿನಿಯರಿಂಗ್ ಓದುವವ, ಇಂಥದ್ದರಲ್ಲಿ ನನಗಿಂತ ಚುರುಕು. "ಮಾವ, ಎರಡು ಬೋರ್ಡ್‌ಗೆ ಪ್ರೋಗ್ರಾಮ್ ಹಾಕಿ ಒಂದನ್ನು ದೊಡ್ಡಮ್ಮಜ್ಜಿಯ ಕಪಾಟಿನಲ್ಲಿ ಇಡಿ, ಹೋದ್ರೆ ಬದಲಿಸಿದ್ರಾಯ್ತು" ಎಂದ. ಒಳ್ಳೆಯ ಮಾತೇ. ಆದರೆ ಇಂಟರ್ನೆಟ್ ಮೋಡೆಮ್ ಬದಲಾಗಿ ಪಾಸ್‌ವರ್ಡ್ ಬೇರೆಯಾದರೆ? ಐದು ವರ್ಷದ ಮೇಲೆ ಆ ಬೋರ್ಡ್ ಸಿಗದಿದ್ದರೆ? ಪ್ರೋಗ್ರಾಮ್ ಇರುವ ನನ್ನ ಈ ಲ್ಯಾಪ್‌ಟಾಪ್ ಆಗ ಎಲ್ಲಿರುತ್ತದೆ? ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಹಾಗಾದ್ರೆ ಪ್ರೋಗ್ರಾಮೇ ಇಲ್ಲದ್ದು ಮಾಡಿ" ಎಂದ.

ಸರಿ, ಪ್ರೋಗ್ರಾಮೇ ಇಲ್ಲದ್ದು.

ಮನೆಗೆ ಬಂದವನೇ ಬಿಡಿಭಾಗಗಳ ಡಬ್ಬಿ ಸುರುವಿದೆ. 555 ಐಸಿ, ಎಂಟು ಕಾಲಿನ ಸಣ್ಣ ಚಿಪ್. ಸಿಗ್ನೆಟಿಕ್ಸ್ ಕಂಪೆನಿಗಾಗಿ ಹ್ಯಾನ್ಸ್ ಕ್ಯಾಮೆನ್‌ಝಿಂಡ್ 1971ರಲ್ಲಿ ವಿನ್ಯಾಸ ಮಾಡಿದ್ದು, ಮರುವರ್ಷ ಮಾರುಕಟ್ಟೆಗೆ ಬಂತು. ಅರ್ಧ ಶತಮಾನ ಕಳೆದರೂ ಹತ್ತು ಹದಿನೈದು ರೂಪಾಯಿ ಕೊಟ್ಟರೆ ಉಡುಪಿಯ ಅಂಗಡಿಯಲ್ಲಿ ಸಿಗುತ್ತದೆ, ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೇಳಿಕಳಿಸಬೇಕಾಗಿಲ್ಲ. ಎಲ್ಲರೂ ಅದನ್ನು ಟೈಮರ್ ಎಂದೇ ಬಳಸುತ್ತಾರೆ. ಆದರೆ ಒಳಗೆ ನೋಡಿದರೆ ಟ್ಯಾಂಕಿಗೆಂದೇ ಮಾಡಿದಂತೆ ಉಂಟು. 5 ಕಿಲೋ ಓಮಿನ ಮೂರು ರೆಸಿಸ್ಟರ್‌ಗಳು ಸಾಲಾಗಿ ನಿಂತು ಒಳಬರುವ ವೋಲ್ಟೇಜನ್ನು ಮೂರು ಪಾಲು ಮಾಡುತ್ತವೆ. 12 ವೋಲ್ಟ್ ಕೊಟ್ಟರೆ 4 ಮತ್ತು 8. ಎರಡನೇ ಕಾಲು 4 ವೋಲ್ಟಿಗಿಂತ ಕೆಳಗಿಳಿದರೆ ಔಟ್‌ಪುಟ್ ಕೊಡುವ ಮೂರನೇ ಕಾಲು ಏರುತ್ತದೆ, ಅಂದರೆ ಮೋಟಾರ್ ಚಾಲೂ. ಆರನೇ ಕಾಲು 8 ದಾಟಿದರೆ ಔಟ್‌ಪುಟ್ ಇಳಿಯುತ್ತದೆ, ಮೋಟಾರ್ ಬಂದ್. ಎರಡೂ ಅಲ್ಲದಿದ್ದರೆ ಮೊದಲು ಹೇಗಿತ್ತೋ ಹಾಗೇ. ಟ್ಯಾಂಕ್ ಅರ್ಧ ತುಂಬಿರುವಾಗ ನಮಗೆ ಬೇಕಾದ್ದೂ ಅದೇ ತಾನೆ? ತುಂಬುತ್ತಿದ್ದರೆ ತುಂಬುತ್ತಿರಲಿ, ಖಾಲಿಯಾಗುತ್ತಿದ್ದರೆ ಆಗುತ್ತಿರಲಿ.

ನೀರಿನ ಮಟ್ಟ ತಿಳಿಯಲು ನೀರಿಗೆ ನೇರವಾಗಿ ಕಂಬಿ ಇಳಿಸಿ ಕರೆಂಟ್ ಹರಿಸುವ ಹಳೆಯ ವಿಧಾನ ನನಗೆ ಬೇಡ. ಡಿಸಿ ಹರಿಯುತ್ತಲೇ ಇದ್ದರೆ ಪ್ಲಸ್ ಕಡೆಯ ಕಂಬಿ ಕರಗುತ್ತಾ ಹೋಗುತ್ತದೆ, ತಾಮ್ರವಾದರೆ ಹಸಿರುಗಟ್ಟುತ್ತದೆ. ಅದು ಕುಡಿಯುವ ನೀರು. ಕರೆಂಟ್ ಕಡಿಮೆ ಮಾಡೋಣವೆಂದು ದೊಡ್ಡ ರೆಸಿಸ್ಟರ್ ಹಾಕಿದರೆ ನಮ್ಮ ಕರಾವಳಿಯ ತೇವ ಬಿಡುವುದಿಲ್ಲ. ಆಷಾಢದಲ್ಲಿ ಉಪ್ಪುಗಾಳಿಗೆ ಒದ್ದೆಯಾದ ಬೋರ್ಡೇ ಒಂದು ರೆಸಿಸ್ಟರಿನ ಹಾಗೆ ವರ್ತಿಸುತ್ತದೆ, ಟ್ಯಾಂಕ್ ಖಾಲಿಯಿದ್ದರೂ ತುಂಬಿದೆ ಎನ್ನುತ್ತದೆ. ಘಟ್ಟದ ಮೇಲಿನವರ ಸರ್ಕ್ಯೂಟನ್ನು ಹಾಗೇ ಇಲ್ಲಿಗೆ ತಂದರೆ ನಡೆಯುವುದಿಲ್ಲ ಎಂದು ನಾನು ಯಾವಾಗಲೂ ಹೇಳುವುದು ಇದಕ್ಕೇ. ಸಾಲ್ಡರ್ ಮಾಡಿದ ಮೇಲೆ ಉಳಿದ ಫ್ಲಕ್ಸನ್ನು, ಅಂದರೆ ಆ ರೋಸಿನ್ ಅಂಟನ್ನು, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆಯಲೇಬೇಕು, ಅದು ತೇವ ಹೀರುತ್ತದೆ. ಒಣಗಿದ ಮೇಲೆ ಲ್ಯಾಕರ್ ಬಳಿಯಬೇಕು. ತಂತಿ ಪೆಟ್ಟಿಗೆಯ ಕೆಳಗಿನಿಂದಲೇ ಒಳಗೆ ಬರಬೇಕು, ತೂತನ್ನು ಬಿಗಿಯಾಗಿ ಮುಚ್ಚುವ ಗ್ಲ್ಯಾಂಡ್ ಹಾಕಿ. ಒಂದು ಕಂಡಿ ತೆರೆದಿಟ್ಟರೆ ಹಲ್ಲಿ ಮೊಟ್ಟೆಯಿಡುತ್ತದೆ. ಇರುವೆಗಳು ರಿಲೇಯ (ಸಣ್ಣ ಕರೆಂಟಿನಿಂದ ದೊಡ್ಡದನ್ನು ಚಾಲೂ-ಬಂದ್ ಮಾಡುವ ಸ್ವಿಚ್ಚಿನ) ಬೆಚ್ಚಗಿನ ಮೂಲೆ ಹುಡುಕಿಕೊಂಡು ಹೋಗುತ್ತವೆ.

ಹಾಗಾಗಿ ಫ್ಲೋಟ್ ಸ್ವಿಚ್, ಟ್ಯಾಂಕಿನ ಕೆಳಗೊಂದು ಮೇಲೊಂದು. ಅಯಸ್ಕಾಂತವಿರುವ ಫ್ಲೋಟ್, ನಡುವಿನ ಕೊಳವೆಯೊಳಗೆ ಅಯಸ್ಕಾಂತಕ್ಕೆ ಸ್ಪಂದಿಸುವ ಗಾಜಿನ ರೀಡ್ ಸ್ವಿಚ್. ನೀರಿಗೆ ಕರೆಂಟೇ ತಾಗುವುದಿಲ್ಲ. ಕೆಳಗಿನದ್ದು ನೀರು ಇಳಿದಾಗ ಮುಚ್ಚಿಕೊಂಡು ಎರಡನೇ ಕಾಲನ್ನು ನೆಲಕ್ಕೆ, ಅಂದರೆ 0 ವೋಲ್ಟಿಗೆ, ಎಳೆಯುತ್ತದೆ. ಮೇಲಿನದ್ದನ್ನು ಹೇಗೆ ಕಟ್ಟುವುದೆಂದು ಬಹಳ ಹೊತ್ತು ಯೋಚಿಸಿದೆ. ಟ್ಯಾಂಕ್ ತುಂಬಿದಾಗ ಮುಚ್ಚುವ ಹಾಗೆ ಕಟ್ಟಿದರೆ ಸರ್ಕ್ಯೂಟ್ ಓದಲು ಸುಲಭ. ಆದರೆ ಇಲಿ ತಂತಿ ಕಡಿದರೆ ಮೋಟಾರ್ ನಿಲ್ಲುವುದೇ ಇಲ್ಲ. ಅದಕ್ಕೆ ಉಲ್ಟಾ: ಮಾಮೂಲಿಗೆ ಮುಚ್ಚಿಕೊಂಡು ಆರನೇ ಕಾಲನ್ನು ನೆಲದಲ್ಲಿ ಹಿಡಿದಿರುತ್ತದೆ, ನೀರು ತಾಗಿದಾಗ ಬಿಡುತ್ತದೆ, ಬಿಟ್ಟ ಕೂಡಲೇ 10 ಕಿಲೋ ಓಮಿನ ರೆಸಿಸ್ಟರ್ ಆ ಕಾಲನ್ನು 12 ವೋಲ್ಟಿಗೆ ಎತ್ತುತ್ತದೆ. ತಂತಿ ತುಂಡಾದರೂ ಆಗುವುದು ಅದೇ. 555ರಲ್ಲಿ ಎರಡನೇ ಕಾಲಿನ ಮಾತು ಆರನೆಯದ್ದಕ್ಕಿಂತ ಮೇಲು, ಆದ್ದರಿಂದ ಮೇಲಿನ ತಂತಿ ಹೋದರೆ ನೀರು ಕೆಳಗಿನ ಫ್ಲೋಟಿನವರೆಗೆ ಬಂದು ನಿಲ್ಲುತ್ತದೆ. ದೊಡ್ಡಮ್ಮನಿಗೆ ನೀರು ಸ್ವಲ್ಪವಾದರೂ ಇರುತ್ತದೆ, ಉಕ್ಕಿ ಹರಿಯುವುದಿಲ್ಲ. ಇದನ್ನು ಬ್ರೆಡ್‌ಬೋರ್ಡಿನಲ್ಲಿ ತಂತಿ ಕಿತ್ತು ನೋಡಿದಾಗ ರಿಲೇ ಟಕ್ ಎಂದು ಬಿಟ್ಟಿತು. ಎಷ್ಟು ಖುಷಿಯಾಯಿತೆಂದರೆ ಒಳಗಿದ್ದ ಇವಳನ್ನು ಕರೆದು ತೋರಿಸಿದೆ. ಅವಳು ಇನ್ನೊಮ್ಮೆ ಕೀಳಿಸಿ ನೋಡಿದಳು.

ಮೋಟಾರನ್ನು ಆ ಸಣ್ಣ ರಿಲೇಗೆ ಒಪ್ಪಿಸಲು ಸಾಧ್ಯವಿಲ್ಲ. 1 ಎಚ್‌ಪಿ ಮೋಟಾರ್ ಓಡುವಾಗ 5-6 ಆಂಪಿಯರ್ ಎಳೆದರೆ ಹೊರಡುವ ಕ್ಷಣದಲ್ಲಿ ಅದರ ಐದಾರು ಪಟ್ಟು ಎಳೆಯುತ್ತದೆ. 10 ಆಂಪಿಯರ್ ಎಂದು ಬರೆದ ನೀಲಿ ರಿಲೇಯ ಕಾಂಟ್ಯಾಕ್ಟ್ ಒಂದು ದಿನ ಅಂಟಿಕೊಂಡುಬಿಟ್ಟರೆ ಐಸಿ ಏನು ಹೇಳಿದರೂ ಮೋಟಾರ್ ಕೇಳುವುದಿಲ್ಲ. ರಿಲೇ ಕಾಂಟ್ಯಾಕ್ಟರ್ ಎಂಬ ದೊಡ್ಡ ಸ್ವಿಚ್ಚಿನ ಕಾಯಿಲನ್ನು ಮಾತ್ರ ಎಳೆಯಲಿ, ಮೋಟಾರನ್ನು ಕಾಂಟ್ಯಾಕ್ಟರ್ ನೋಡಿಕೊಳ್ಳಲಿ. ಕಾಂಟ್ಯಾಕ್ಟರ್ ಎಂದರೆ ವಯರ್‌ಮ್ಯಾನರಿಗೆ ಮನೆಯ ಸಾಮಾನು ಇದ್ದಂತೆ, ಸಂತೆಕಟ್ಟೆಯಲ್ಲೇ ಸಿಗುತ್ತದೆ. ರಿಲೇ ಬಿಡುವಾಗ ಕಾಯಿಲು ಎಬ್ಬಿಸುವ ವೋಲ್ಟೇಜ್ ಐಸಿಯನ್ನು ಸುಡದ ಹಾಗೆ ಅದಕ್ಕೆ ಅಡ್ಡಲಾಗಿ 1ಎನ್4007 ಡಯೋಡ್. ಐಸಿಯನ್ನು ಸಾಲ್ಡರ್ ಮಾಡುವುದಿಲ್ಲ, ಸಾಕೆಟ್ಟಿನಲ್ಲಿ ಕೂರಿಸುತ್ತೇನೆ, ಪಕ್ಕದಲ್ಲೇ ಬೇರೊಂದು ಐಸಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಅಂಟಿಸಿ ಇಡುತ್ತೇನೆ. ಎಲ್ಲಕ್ಕಿಂತ ಮೇಲೆ ಮೂರು ಸ್ಥಾನದ ಒಂದು ದೊಡ್ಡ ಸ್ವಿಚ್: ಆಟೋ, ಬಂದ್, ನೇರ. ನೇರಕ್ಕೆ ತಿರುಗಿಸಿದರೆ ನನ್ನ ಸರ್ಕ್ಯೂಟ್ ಪೂರ್ತಿ ಬದಿಗೆ ಸರಿಯಬೇಕು, ಅದು ಸತ್ತುಹೋಗಿದ್ದರೂ ನೀರು ಏರಬೇಕು.

ಮುಚ್ಚಳದ ಒಳಬದಿಗೆ ಅಂಟಿಸಲು ಚಿತ್ರ ಬರೆದೆ. ಪೆನ್ಸಿಲಿನಲ್ಲೇ ಬರೆದೆ, ಶಾಯಿ ನಮ್ಮ ಮಳೆಗಾಲಕ್ಕೆ ಹರಡುತ್ತದೆ. ಚಿತ್ರದ ಕೆಳಗೆ ಕನ್ನಡದಲ್ಲಿ: "ಟ್ಯಾಂಕ್ ಖಾಲಿ ಇರುವಾಗ 2ನೇ ಕಾಲಿನಲ್ಲಿ 0 ವೋಲ್ಟ್ ಇರಬೇಕು, 3ನೇ ಕಾಲಿನಲ್ಲಿ 10ರ ಆಸುಪಾಸು. 2ರಲ್ಲಿ 0 ಇದ್ದು 3ರಲ್ಲಿ ಏನೂ ಇಲ್ಲದಿದ್ದರೆ ಐಸಿ ಬದಲಿಸಿ. 2ರಲ್ಲಿ 12 ಇದ್ದರೆ ಕೆಳಗಿನ ಫ್ಲೋಟ್ ಅಥವಾ ಅದರ ತಂತಿ ನೋಡಿ." ಬರೆಯುತ್ತಾ ಬರೆಯುತ್ತಾ ಆ ವಯರ್‌ಮ್ಯಾನ್ ಎದುರು ಕೂತು ಕೇಳುತ್ತಿದ್ದಾರೆ ಎನಿಸಿತು. ನಾಡಿದ್ದು ಅವರನ್ನೂ ಕರೆಯುತ್ತೇನೆ. ನಾನು ಕೈಕಟ್ಟಿ ನಿಲ್ಲುತ್ತೇನೆ, ಅವರೇ ಕೂರಿಸಲಿ. ಅವರಿಗೆ ಎಲ್ಲಿ ಅರ್ಥವಾಗುವುದಿಲ್ಲವೋ ಅಲ್ಲಿ ಚಿತ್ರ ತಿದ್ದುತ್ತೇನೆ.

ಹಳೆಯ ಬೋರ್ಡನ್ನು ಏನು ಮಾಡಲಿ? ತಂಗಿಮಗ ಕೇಳಿದ್ದಾನೆ. ನೀರಿನ ಮಟ್ಟ ಬರೆದಿಡಲು ಮಾತ್ರ ಅಲ್ಲೇ ಬಿಡಿ, ಮೋಟಾರ್ ಮುಟ್ಟದ ಹಾಗೆ, ಎನ್ನುತ್ತಾನೆ. ಇರಲಿ ಅನಿಸುತ್ತದೆ. ಆ ನೀಲಿ ಪಟ್ಟಿ ನೋಡದೆ ನನಗೂ ಆಗುವುದಿಲ್ಲ. ಬೆಂಗಳೂರಿನಲ್ಲಿ ಬೆಳಿಗ್ಗೆ ಆರಕ್ಕೆ ಅದು ಇಳಿಯತೊಡಗಿದರೆ ದೊಡ್ಡಮ್ಮ ಎದ್ದರು, ಒಲೆಯ ಹತ್ತಿರ ಹೋದರು ಎಂದು ತಿಳಿಯುತ್ತಿತ್ತು. ಅದನ್ನು ಅವರಿಗೆ ಯಾವತ್ತೂ ಹೇಳಿಲ್ಲ.

ಕರೆಂಟ್ ಹೋಯಿತು. ಬಂತು.

ಹೋಗಿ ಬಂದಾಗ ನೆನಪಾಯಿತು. ಕರೆಂಟ್ ಬಂದ ಕ್ಷಣದಲ್ಲಿ 555 ಯಾವ ಸ್ಥಿತಿಯಲ್ಲಿ ಏಳುತ್ತದೆಂದು ನಂಬುವಂತಿಲ್ಲ, ನಾಲ್ಕನೇ ಕಾಲಿಗೆ, ಅಂದರೆ ರೀಸೆಟ್‌ಗೆ, ಒಂದು ಕೆಪಾಸಿಟರ್ ಕೊಟ್ಟು ಬಂದ್ ಸ್ಥಿತಿಯಲ್ಲೇ ಏಳಿಸಬೇಕು. ರೀಸೆಟ್ ಮಾತು ಎಲ್ಲಕ್ಕಿಂತ ಮೇಲು. ಹಾಗಾದರೆ ಬಾವಿಗೂ ಒಂದು ಫ್ಲೋಟ್ ಇಳಿಸಿ ಅದೇ ಕಾಲಿಗೆ ಕಟ್ಟಬಹುದಲ್ಲ? ಮೇ ಕೊನೆಯಲ್ಲಿ ದೊಡ್ಡಮ್ಮನ ಬಾವಿಯಲ್ಲಿ ಕೊಡ ಮುಳುಗುವಷ್ಟೂ ನೀರಿರುವುದಿಲ್ಲ, ಮೋಟಾರ್ ಗಾಳಿ ಎಳೆದು ಸುಡಬಾರದು. ತಂತಿ ಕಡಿದರೂ ಬಂದ್ ಆಗುವ ಹಾಗೇ ಕಟ್ಟಬೇಕು. ಆದರೆ ಬಾವಿಯಿಂದ ಚಾವಡಿಗೆ ತೆಂಗಿನಮರಗಳ ಅಡಿಯಲ್ಲಿ ಅಷ್ಟುದ್ದದ ತಂತಿ, ಈ ಸಿಡಿಲು, ಕಾಲಿಗೂ ತಂತಿಗೂ ನಡುವೆ 10 ಕಿಲೋ ಓಮ್ ಸಾಕಾಗುತ್ತದೋ ಇಲ್ಲವೋ. ನೆಲದಡಿ ಪೈಪಿನಲ್ಲಿ ಎಳೆದರೆ? ವಯರ್‌ಮ್ಯಾನರನ್ನು ಕೇಳಬೇಕು, ಆ ಅಂಗಳದಲ್ಲಿ ಹಳೆಯ ಪೈಪು ಎಲ್ಲಿ ಹೋಗಿದೆ ಎಂದು ಅವರಿಗೆ ಗೊತ್ತಿರಬಹುದು.