ಗದ್ದೆಯಂಥ ಕಡಲು

ಫೆಬ್ರವರಿ 25, 2024, ಭಾನುವಾರ
ಬಾಲೇಶ್ವರ, ರಾತ್ರಿ

ಬಚ್ಚಲಲ್ಲಿ ಇನ್ನೂ ಕೆಸರಿದೆ. ಮೂರು ಬಕೆಟ್ ನೀರು ಹೊಯ್ದರೂ ಮೂಲೆಯಲ್ಲಿ ಬೂದು ಬಣ್ಣದ ಪದರ ಹಾಗೆಯೇ ಕೂತಿದೆ. ಅಪ್ಪಯ್ಯನ ಪಂಚೆ ನೆನೆಹಾಕಿದ್ದೇನೆ. ಅದು ಮತ್ತೆ ಬಿಳಿಯಾಗುತ್ತದೆಂಬ ಭರವಸೆ ಇಲ್ಲ. ಅಮ್ಮ ಏನೂ ಹೇಳಲಿಲ್ಲ. ಪಂಚೆಯನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು, ಮಂಡಿಗೆ ಎಣ್ಣೆ ಹಚ್ಚಿಕೊಂಡು ಮಲಗಿಬಿಟ್ಟಳು.

ಇವರಿಗೆ ಇವತ್ತೂ ಡ್ಯೂಟಿ. ಅಪ್ಪ ಅಮ್ಮ ಬಂದು ಹನ್ನೊಂದು ದಿನವಾಯಿತು, ಎಲ್ಲಿಗೂ ಕರೆದುಕೊಂಡು ಹೋಗಿಲ್ಲ ಎಂಬ ಅಳುಕು ನನಗೆ. ಅಮ್ಮ ಬರುವುದಿಲ್ಲವೆಂದಳು. ಕೊನೆಗೆ ಅಪ್ಪಯ್ಯ, ಪುಟ್ಟಿ, ನಾನು ಮೂವರೇ ಆಟೋ ಹತ್ತಿ ಚಾಂದೀಪುರಕ್ಕೆ ಹೋದೆವು. ಹದಿನಾರು ಕಿಲೋಮೀಟರ್. ದಾರಿಯಲ್ಲಿ ಕ್ಷಿಪಣಿ ಪರೀಕ್ಷಾ ಕೇಂದ್ರದ ಫಲಕ ಕಂಡಾಗ ಅಪ್ಪಯ್ಯ ಆಟೋದಲ್ಲೇ ನೆಟ್ಟಗೆ ಕೂತರು. 1989ರ ಮೇ ತಿಂಗಳಲ್ಲಿ 'ಅಗ್ನಿ' ಮೊದಲ ಸಲ ಹಾರಿದ್ದು ಇಲ್ಲಿಂದಲೇ. ಆ ಸುದ್ದಿಯನ್ನು ಕತ್ತರಿಸಿಟ್ಟುಕೊಂಡು, ರಜೆ ಮುಗಿದು ಶಾಲೆ ತೆರೆದ ದಿನ ಫಲಕಕ್ಕೆ ಅಂಟಿಸಿದ್ದರಂತೆ. "ಚಾಂದೀಪುರ ಎಂದು ಹುಡುಗರ ಹತ್ತಿರ ಭೂಪಟದಲ್ಲಿ ಬೆರಳಿಡಿಸಿದ್ದೆ. ಒಬ್ಬನಿಗೂ ಸರಿಯಾಗಿ ಸಿಕ್ಕಿರಲಿಲ್ಲ" ಎಂದರು. ಲೆಕ್ಕದ ಮೇಷ್ಟ್ರಿಗೆ ಭೂಗೋಳದ ಉಸಾಬರಿ ಏಕಿತ್ತೋ.

ಹೋಗಿ ನೋಡಿದರೆ ಕಡಲು ಇರಲಿಲ್ಲ.

ನನಗೆ ಗೊತ್ತಿತ್ತು, ಎರಡು ವರ್ಷದಿಂದ ಇಲ್ಲಿದ್ದೇನಲ್ಲ. ಅಪ್ಪಯ್ಯನಿಗೆ ಬೇಕೆಂದೇ ಹೇಳಿರಲಿಲ್ಲ. ಗಾಳಿಮರಗಳ ಸಾಲು ದಾಟಿ, ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಿಂತು, ಕಣ್ಣಿನ ಮೇಲೆ ಕೈ ಅಡ್ಡ ಇಟ್ಟು ನೋಡಿದರು. ಕಣ್ಣು ಹಾಯುವವರೆಗೂ ಹೊಳೆಯುವ ಕೆಸರು, ನಡುನಡುವೆ ತಟ್ಟೆಯಷ್ಟು ತಟ್ಟೆಯಷ್ಟು ನೀರು. "ಎಲ್ಲಿ?" ಎಂದರು. ಅವರು ಎಪ್ಪತ್ತಮೂರು ವರ್ಷದಲ್ಲಿ ಕೇಳಿದ ಅತ್ಯಂತ ಪ್ರಾಮಾಣಿಕ ಪ್ರಶ್ನೆ ಅದೇ ಇರಬೇಕು.

ಇಲ್ಲಿ ದಿನಕ್ಕೆ ಎರಡು ಸಲ ಕಡಲು ಎದ್ದು ಹೋಗುತ್ತದೆ. ಇಳಿತ ಜೋರಾಗಿದ್ದಾಗ ಐದು ಕಿಲೋಮೀಟರಿನವರೆಗೂ ಸರಿಯುತ್ತದೆ. ನಿನ್ನೆ ಹುಣ್ಣಿಮೆಯಾದ್ದರಿಂದ ಇವತ್ತು ಇಳಿತ ಜೋರೇ. ಬ್ರಿಟಿಷರ ಕಾಲದಲ್ಲೇ ಇಲ್ಲಿ ಫಿರಂಗಿ ಗುಂಡುಗಳ ಪರೀಕ್ಷೆಗೆ ಜಾಗ ಮಾಡಿಕೊಂಡಿದ್ದರು. ಹಾರಿಸಿದ ಗುಂಡನ್ನು ನೀರು ಸರಿದ ಮೇಲೆ ಹೆಕ್ಕಿ ತರಬಹುದಲ್ಲ.

ನಮ್ಮ ಮನೆಯಲ್ಲಿ ಕಡಲೆಂದರೆ ಕೋಡಿಯ ಕಡಲು. ಜೂನ್ ಬಂತೆಂದರೆ ರಾತ್ರಿಯಿಡೀ ಅದರ ಮೊರೆತ ಹಂಚಿನ ಮಾಡಿನವರೆಗೂ ಬರುತ್ತಿತ್ತು. ಕಡಲು ಅಷ್ಟು ಹತ್ತಿರವಿದ್ದೂ ನಾನು ಮೊಣಕಾಲು ಮುಚ್ಚುವಷ್ಟು ನೀರಿಗೆ ಇಳಿದವಳಲ್ಲ. ಅಪ್ಪಯ್ಯನ ಕಟ್ಟಪ್ಪಣೆ. ಮಳೆಗಾಲದಲ್ಲಿ ಮಾತ್ರವಲ್ಲ, ಡಿಸೆಂಬರಿನಲ್ಲಿ ಕಡಲು ಕೆರೆಯ ಹಾಗೆ ಮಲಗಿದ್ದಾಗಲೂ. ಗೆಳತಿಯರು ನೀರಿನಲ್ಲಿ ಕೇಕೆ ಹಾಕುವಾಗ ಎಲ್ಲರ ಚಪ್ಪಲಿ ಕಾಯುವುದು ನನ್ನ ಕೆಲಸ. ಯಾರ ಚಪ್ಪಲಿಯ ಬಾರು ಎಲ್ಲಿ ಕಿತ್ತಿದೆ ಎಂದು ಈಗಲೂ ಹೇಳಬಲ್ಲೆ.

ಅಂಥ ಮನುಷ್ಯ ಇವತ್ತು ಏನು ಮಾಡಿದರು? ಪಂಚೆ ಎತ್ತಿ ಕಟ್ಟಿದರು, ಪುಟ್ಟಿಯ ಕೈ ಹಿಡಿದರು, ನನ್ನನ್ನು ಒಂದು ಮಾತೂ ಕೇಳದೆ ಕೆಸರಿಗೆ ಇಳಿದರು.

ಸಿಟ್ಟು ಬಂತು. ಸ್ವಂತ ಮಗಳ ಮೇಲೆ ಹೊಟ್ಟೆಕಿಚ್ಚು ಎಂದು ಬರೆಯಲು ನಾಚಿಕೆ. ಆದರೆ ಬಂದದ್ದು ಅದೇ. ಏಳು ವರ್ಷದ ಹುಡುಗಿ ಕಡಲ ನೆಲದ ಮೇಲೆ ಕುಣಿಯುತ್ತ ಹೋಗುತ್ತಿದ್ದಾಳೆ, ನಾನು ಮೂರು ಜೊತೆ ಚಪ್ಪಲಿ ಹಿಡಿದು ಹಿಂದೆ ನಡೆಯುತ್ತಿದ್ದೇನೆ. ಮೂರು ಜೊತೆ!

ಮೊದಲ ನೂರು ಹೆಜ್ಜೆ ಮರಳು ಗಟ್ಟಿ, ಅಂಗಾಲಿಗೆ ಒತ್ತುವಷ್ಟು ಏರಿಳಿತದ ಗೆರೆ. ಆಮೇಲೆ ಮೆತ್ತಗಾಯಿತು. ಕೆಂಪು ಏಡಿಗಳು ದೂರದಲ್ಲಿ ಯಾರೋ ಕುಂಕುಮ ಚೆಲ್ಲಿದಂತೆ ಕಾಣುತ್ತಿದ್ದವು, ಹತ್ತಿರ ಹೋದರೆ ಒಂದೂ ಇಲ್ಲ, ಬರೀ ತೂತು. ಬಿಸಿಲು ಬೆನ್ನಿಗಿತ್ತು. ತಗ್ಗುಗಳಲ್ಲಿ ನಿಂತ ನೀರು ಸ್ನಾನಕ್ಕೆ ಹದವಾಗಿ ಕಾದಿತ್ತು. ಅರ್ಧ ಗಂಟೆ ನಡೆದರೂ ನೀರು ಹರಡು ಮುಳುಗುವಷ್ಟು ಬರಲಿಲ್ಲ.

"ನಾಟಿಗೆ ಹದ ಮಾಡಿದ ಗದ್ದೆಯ ಹಾಗಿದೆ. ನೇಜಿ ಒಂದು ಕಡಿಮೆ" ಎಂದರು ಅಪ್ಪಯ್ಯ.

ಅಲ್ಲೊಂದು ಕಡೆ ಕುದುರೆ ಲಾಳದ ಏಡಿ ಅಂಗಾತ ಬಿದ್ದಿತ್ತು. ಪುಟ್ಟಿ ಕಿರುಚಿಕೊಂಡಳು. ಮೊದಲ ನೋಟಕ್ಕೆ ಯಾರದೋ ತುಕ್ಕು ಹಿಡಿದ ಶಿರಸ್ತ್ರಾಣ, ಅದರಿಂದ ಮೂಡಿದ ದಬ್ಬಳದಂಥ ಬಾಲ. ಕಾಲುಗಳೆಲ್ಲ ಗಾಳಿಯಲ್ಲಿ ನಿಧಾನವಾಗಿ ತಡಕಾಡುತ್ತಿದ್ದವು. ಬಾಲವನ್ನು ಕೆಸರಿಗೆ ಊರಿ ಮಗುಚಿಕೊಳ್ಳಲು ನೋಡುತ್ತಿತ್ತು, ಕೆಸರು ಜಾರುತ್ತಿತ್ತು. ಹೆಸರಿಗೆ ಏಡಿ, ನೆಂಟಸ್ತಿಕೆ ಜೇಡ, ಚೇಳುಗಳ ಜೊತೆ. ಇವುಗಳ ವಂಶದ ಪಳೆಯುಳಿಕೆ 44 ಕೋಟಿ ವರ್ಷದಷ್ಟು ಹಳೆಯದು ಸಿಕ್ಕಿದೆ, ಡೈನೋಸಾರ್‌ಗಳೆಲ್ಲ ಆಮೇಲಿನವು. ರಕ್ತದಲ್ಲಿ ಕಬ್ಬಿಣದ ಬದಲು ತಾಮ್ರ, ಹಾಗಾಗಿ ನೀಲಿ ರಕ್ತ. ಹುಣ್ಣಿಮೆ, ಅಮಾವಾಸ್ಯೆಗಳ ದೊಡ್ಡ ಭರತದಲ್ಲಿ ಜೋಡಿಯಾಗಿ ದಡಕ್ಕೆ ಬಂದು ಮರಳಿನಲ್ಲಿ ಮೊಟ್ಟೆ ಇಟ್ಟು ಹೋಗುತ್ತವೆ. ಇದು ಹಿಂದೆ ಉಳಿದುಬಿಟ್ಟಿತ್ತೋ ಏನೋ.

ಬಾಲ ಹಿಡಿದು ಎತ್ತಬಾರದು, ಕೀಲು ತಪ್ಪುತ್ತದೆ ಎಂದು ನಾನು ಹೇಳುವಷ್ಟರಲ್ಲಿ ಅಪ್ಪಯ್ಯ ಚಿಪ್ಪಿನ ಎರಡೂ ಅಂಚಿಗೆ ಕೈ ಕೊಟ್ಟು, ಕಾವಲಿಯ ಮೇಲಿನ ದೋಸೆ ಮಗುಚುವಷ್ಟು ಹಗುರವಾಗಿ ಮಗುಚಿದರು. ಅದು ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಒಂದು ಗೆರೆ ಎಳೆಯುತ್ತ ಹೊರಟಿತು, ನೇರ ಪೂರ್ವಕ್ಕೆ. ಪುಟ್ಟಿ ಆ ಗೆರೆಯ ಹಿಂದೆಯೇ ಹೋದಳು.

ಹತ್ತು ಮಾರು. ಇಪ್ಪತ್ತು ಮಾರು. ಅಪ್ಪಯ್ಯ ಕರೆಯುತ್ತಾರೆಂದು ನಾನು ಕಾದೆ. ಕರೆಯಲಿಲ್ಲ. ಸೊಂಟದ ಮೇಲೆ ಕೈ ಇಟ್ಟು ನಗುತ್ತ ನಿಂತಿದ್ದಾರೆ.

"ನನ್ನನ್ನು ಹೀಗೆ ಯಾವತ್ತಾದರೂ ಬಿಟ್ಟಿದ್ದಿರಾ?" ಎಂದೆ. ತಮಾಷೆಯ ದನಿಯಲ್ಲಿ ಕೇಳಬೇಕೆಂದುಕೊಂಡಿದ್ದೆ. ಆಗಲಿಲ್ಲ.

ಅವರು ಉತ್ತರ ಕೊಡಲಿಲ್ಲ. ಒಂದು ಕಡ್ಡಿ ಹೆಕ್ಕಿಕೊಂಡು ಕೂತರು, ಒದ್ದೆ ಮರಳಿನ ಮೇಲೆ ಒಂದು ಲಂಬಕೋನ ತ್ರಿಭುಜ ಎಳೆದರು. ಮೇಷ್ಟ್ರಿಗೆ ಸಂಕಟವಾದಾಗೆಲ್ಲ ಜ್ಯಾಮಿತಿ.

"ನೋಡು. ನೆಲ ಒಂದು ಕಿಲೋಮೀಟರಿಗೆ ಒಂದೇ ಮೀಟರ್ ಇಳಿಯುತ್ತದೆ ಎಂದಿಟ್ಟುಕೋ. ನೀರಿನ ಮಟ್ಟ ಮೂರು ಮೀಟರ್ ತಗ್ಗಿದರೆ ದಡ ಎಷ್ಟು ದೂರ ಹೋಗುತ್ತದೆ?"

"ಮೂರು ಕಿಲೋಮೀಟರ್."

"ನಮ್ಮಲ್ಲೂ ನೀರು ತಗ್ಗುತ್ತದೆ. ಆದರೆ ನಮ್ಮ ದಡ ಕಡಿದು. ಅಲ್ಲಿ ನಾಲ್ಕು ಹೆಜ್ಜೆ ಹೋದರೆ ಕಾಲು ಸಿಗುವುದಿಲ್ಲ." ಮಾತು ನಿಲ್ಲಿಸಿ ತ್ರಿಭುಜದ ಕೆಳಗೆ 1:1000 ಎಂದು ಬರೆದರು, ಕರಿಹಲಗೆಯ ಮೇಲೆ ಬರೆಯುವಷ್ಟೇ ದುಂಡಗೆ. "ನನಗೆ ಈಜು ಬರುತ್ತಿರಲಿಲ್ಲ."

ನನಗೆ ಅರ್ಥವಾಗಲಿಲ್ಲ. ಅಪ್ಪಯ್ಯನಿಗೆ ಈಜು ಬರುವುದಿಲ್ಲವೇ? ದೇವಸ್ಥಾನದ ಕೆರೆಯನ್ನು ಮೂರು ಸಲ ಅಡ್ಡ ಹಾಯ್ದ ಕಥೆ ನಾನು ಕೇಳಿ ಬೆಳೆದದ್ದು. ಪುಟ್ಟಿಯೂ ಕೇಳಿದ್ದಾಳೆ, ಮೊನ್ನೆ ತಾನೆ.

"ಅದು ನನ್ನ ಅಣ್ಣ. ಹೇಳುವಾಗ ನಾನು ಎಂದು ಹೇಳಿಬಿಟ್ಟೆ ಒಂದು ಸಲ. ಆಮೇಲೆ ತಿದ್ದಲು ಆಗಲಿಲ್ಲ." ಕಡ್ಡಿಯ ತುದಿಯ ಮಣ್ಣನ್ನು ಒರೆಸಿಕೊಂಡರು. "ನೀನು ನೀರಿಗೆ ಇಳಿದು ಏನಾದರೂ ಆದರೆ ದಡದಲ್ಲಿ ನಿಂತು ಕೂಗುವುದು ಬಿಟ್ಟು ನನಗೆ ಬೇರೆ ಏನು ಮಾಡಲು ಬರುತ್ತಿತ್ತು? ಇಲ್ಲಿ ಹಾಗಲ್ಲ. ಇವಳು ಎಷ್ಟು ದೂರ ಹೋದರೂ ಹಿಂದೆ ನಡೆದುಕೊಂಡೇ ಹೋಗಬಹುದು."

ಏನು ಹೇಳಬೇಕಿತ್ತು ನಾನು? ಚಪ್ಪಲಿಗಳನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದೆ. ಮೂವತ್ತು ವರ್ಷ ಇವರದು ಹಟ ಎಂದುಕೊಂಡಿದ್ದೆ. ಅಮ್ಮನಿಗೆ ಗೊತ್ತಿತ್ತೇ? ಗೊತ್ತಿರಲೇಬೇಕು. ಗೊತ್ತಿದ್ದೂ ಕೆರೆಯ ಕಥೆಗೆ ತಲೆಯಾಡಿಸುತ್ತ ಕೂತಿರುತ್ತಿದ್ದಳೇ? ಹಾಗಿದ್ದರೆ ನಮ್ಮ ಮನೆಯ ಇನ್ನೂ ಎಷ್ಟು ಕಥೆಗಳು ದೊಡ್ಡಪ್ಪನವು?

ತಲೆ ತಗ್ಗಿಸಿ ಆ 1:1000ವನ್ನೇ ನೋಡುತ್ತಿದ್ದೆ. ಸೊನ್ನೆಗಳು ಹೊಳೆಯತೊಡಗಿದವು. ಕೊನೆಯ ಸೊನ್ನೆಯ ಅಂಚು ಕರಗಿತು, ಆಮೇಲೆ ಅದರ ಪಕ್ಕದ್ದು. ಅಲೆ ಇಲ್ಲ, ಸದ್ದಿಲ್ಲ. ನೆಲವೇ ಬೆವರಿದ ಹಾಗೆ ನೀರು ಬಂತು. ಒಂದು ನಿಮಿಷದಲ್ಲಿ ತ್ರಿಭುಜ ಇರಲಿಲ್ಲ.

ಬಲೆ ಹೆಗಲಿಗೆ ಹಾಕಿಕೊಂಡು ಹೊರಗಿನಿಂದ ಬರುತ್ತಿದ್ದ ಮೀನುಗಾರನೊಬ್ಬ ನಮ್ಮನ್ನು ನೋಡಿ, "ಮಾಉಸಾ, ಜುಆರ!" ಎಂದು ದಡದ ಕಡೆಗೆ ಗದ್ದ ಎತ್ತಿದ. ನಮ್ಮ ಭರತ, ಇಳಿತಕ್ಕೆ ಇವರಲ್ಲಿ ಜುಆರ, ಭಟ್ಟಾ. ಅಪ್ಪಯ್ಯ ಅವನಿಗೆ ಕನ್ನಡದಲ್ಲೇ "ಹೌದಾ, ಹೌದಾ" ಎಂದರು, ಅವನು ಒಡಿಯಾದಲ್ಲಿ ಇನ್ನೇನೋ ಹೇಳಿದ, ಇಬ್ಬರಿಗೂ ಪೂರ್ತಿ ಅರ್ಥವಾಯಿತು.

ನಾನು ಅಷ್ಟರಲ್ಲಿ ಓಡುತ್ತಿದ್ದೆ. ಪುಟ್ಟಿ ಇನ್ನೂರು ಹೆಜ್ಜೆ ದೂರದಲ್ಲಿ ಬಗ್ಗಿ ಏನನ್ನೋ ಮಾತಾಡಿಸುತ್ತಿದ್ದಳು. "ಬಾ ಇಲ್ಲಿ! ಸಾಕು! ಬಾ ಎಂದರೆ ಬಾ!" ಆ ದನಿ ಎಲ್ಲಿಂದ ಬಂತೋ, ಅದು ನನ್ನದಲ್ಲ. ಕೋಡಿಯ ದಡದಲ್ಲಿ ಸಂಜೆ ಆರಕ್ಕೆ ಕೇಳುತ್ತಿದ್ದ ದನಿ ಅದು. "ಬಾ ಎಂದರೆ ಬಾ" ಎಂಬುದೂ ಅವರದೇ.

ನೀರು ಪಾದ ಮುಳುಗುವಷ್ಟೇ ಇತ್ತು. ಹೆದರುವಂಥದ್ದೇನೂ ಇರಲಿಲ್ಲ ಎಂದು ಈಗ ಕೂತು ಬರೆಯಬಹುದು. ಆದರೆ ಇಂಥ ಬಯಲಿನಲ್ಲಿ ನೀರು ಮುಂದಿನಿಂದ ಮಾತ್ರ ಬರುವುದಿಲ್ಲ. ಮೊದಲು ತಗ್ಗುಗಳು ತುಂಬುತ್ತವೆ. ಬರುವಾಗ ಕಾಲು ತೊಳೆದುಕೊಂಡಿದ್ದ ಒಂದು ತಗ್ಗು ವಾಪಸು ಬರುವಷ್ಟರಲ್ಲಿ ನಮಗೂ ದಡಕ್ಕೂ ನಡುವೆ ಹೊಳೆಯಾಗಿತ್ತು. ಪುಟ್ಟಿಗೆ ಸೊಂಟದವರೆಗೆ. ಮೀನುಗಾರ ತಿರುಗಿ ನಿಂತು, ಇಲ್ಲಿ ಅಲ್ಲ, ಆ ಕಡೆಯಿಂದ ದಾಟಿ ಎಂದು ಕೈ ತೋರಿಸಿದ. ಅಪ್ಪಯ್ಯ ಮುಂದೆ, ಪಂಚೆಯ ಆಸೆ ಬಿಟ್ಟು. ಅವರ ಒಂದು ಕೈ ಪುಟ್ಟಿಯ ಕೈಯಲ್ಲಿ, ಇನ್ನೊಂದು ಹಿಂದಕ್ಕೆ ಚಾಚಿ ನನಗಾಗಿ. ಹಿಡಿದುಕೊಂಡೆ. ಒಂದು ಜೊತೆ ಚಪ್ಪಲಿ ತೇಲಿಹೋಯಿತು. ನನ್ನದೇ, ಬೇರೆ ಯಾರದ್ದು ಹೋಗುತ್ತದೆ?

ದಡದಲ್ಲಿ ಚಹಾ ಕುಡಿದೆವು. ಪುಟ್ಟಿ ನನ್ನ ಮೇಲೆ ಮುನಿಸಿಕೊಂಡು ಅಜ್ಜನ ಆ ಮಗ್ಗುಲಿಗೆ ಕೂತಳು. ಸೂರ್ಯ ಗಾಳಿಮರಗಳ ಹಿಂದೆ ಮುಳುಗಿದ. ಅಪ್ಪಯ್ಯನಿಗೆ ಅದೊಂದು ಒಪ್ಪಿಗೆಯಾಗಲಿಲ್ಲ. "ಕಡಲು ಎದುರಿಗಿರುವಾಗ ಸೂರ್ಯ ಬೆನ್ನ ಹಿಂದೆ ಮುಳುಗುವುದು ಎಂದರೇನು, ಲೆಕ್ಕ ತಪ್ಪಿದ ಹಾಗೆ" ಎಂದರು. ಕತ್ತಲಾದ ಮೇಲೆ ನೀರಿನಿಂದ ಚಂದ್ರ ಎದ್ದ, ಒಂದು ದಿನ ಹಳೆಯವನು, ಒಂದು ಬದಿ ಚೂರು ಸವೆದವನು. ನಾವು ನಡೆದಾಡಿದ ಜಾಗದಲ್ಲೆಲ್ಲ ಈಗ ನೀರು. ಆ ಏಡಿ ಅಲ್ಲೇ ಎಲ್ಲೋ ಇರಬೇಕು.

ಊಟ ಮಾಡುವಾಗ ಪುಟ್ಟಿ ಕೆರೆಯ ಕಥೆ ಹೇಳೆಂದಳು. ಅಪ್ಪಯ್ಯ ನನ್ನ ಮುಖ ನೋಡಿದರು. ನಾನು ಅನ್ನ ಕಲಸುತ್ತಿದ್ದೆ. ಹೇಳಿದರು. ಮೂರು ಸಲ ಅಡ್ಡ ಹಾಯ್ದರು, ಒಂದೂ ಕಡಿಮೆ ಮಾಡಲಿಲ್ಲ. ಅಮ್ಮ ತಲೆಯಾಡಿಸಿದಳು.

ಈಗ ಗೋಡೆಯ ಕ್ಯಾಲೆಂಡರಿನಲ್ಲಿ ಸೋಮವಾರದ ಚೌಕದೊಳಗೆ ಪೆನ್ಸಿಲಿನಲ್ಲಿ +50 ಎಂದು ಬರೆದಿಟ್ಟು ಮಲಗಿದ್ದಾರೆ. ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗಿ ಇಳಿತ ಬರುತ್ತದೆ, ಚಂದ್ರನ ಲೆಕ್ಕ. ಅಂದರೆ ನಾಳೆಯೂ ಹೋಗುವ ಯೋಚನೆ. ಪಕ್ಕದಲ್ಲಿ ಇನ್ನೊಂದು ಲೆಕ್ಕವೂ ಇದೆ: ಆರು ಗಂಟೆಯಲ್ಲಿ ಐದು ಕಿಲೋಮೀಟರ್ ಎಂದರೆ ನಿಮಿಷಕ್ಕೆ ಹದಿಮೂರು ಹದಿನಾಲ್ಕು ಮೀಟರ್. ಅದರ ಕೆಳಗೆ ಒಂದು ಗೆರೆ ಎಳೆದು 'ಪುಟ್ಟಿಯ ನಡಿಗೆ?' ಎಂದು ಪ್ರಶ್ನೆ ಹಾಕಿದ್ದಾರೆ. ಉತ್ತರ ಬರೆದಿಲ್ಲ.

ಪುಟ್ಟಿಯ ಅಂಗಿಯನ್ನು ಒಗೆಯಲು ತೆಗೆದರೆ ತೋಳಿನ ಬುಡದಲ್ಲಿ ಹೊಲಿಗೆ ಬಿಟ್ಟಿದೆ. ನಾನು ಹಿಡಿದು ಎಳೆದದ್ದು ಅಲ್ಲೇ. ನಾಲ್ಕು ಬೆರಳು ತೂರುವಷ್ಟು ಹರಿದಿದೆ. ಅವಳು ಹೇಳಲೇ ಇಲ್ಲ. ಬೆಳಿಗ್ಗೆ ಅಮ್ಮನ ಕಣ್ಣಿಗೆ ಬೀಳುವ ಮೊದಲು ಹೊಲಿದಿಡಬೇಕು, ಸೂಜಿಯ ಡಬ್ಬಿಯನ್ನು ಎಲ್ಲಿ